ಅಡ್ಡ ಬಂದ ಮೋಡ

ಚಳ್ಳಕೆರೆ ಕಡೆ ನಮ್ಮ ಸೋದರಮಾವನ ಹೊಲ ಇದೆ. ಅಲ್ಲಿ ಬೋರ್‌ವೆಲ್‌ಗೆ ತ್ರೀ ಫೇಸ್ ಕರೆಂಟ್ ಬರುವುದು ಹೆಚ್ಚಾಗಿ ರಾತ್ರಿ ಹೊತ್ತು. ಒಂದು ಸಲ ಮಾರ್ಚ್ ಕೊನೆಯಲ್ಲಿ ಊರಿಗೆ ಹೋಗಿದ್ದಾಗ ಬೆಳಗಿನ ಜಾವ ಮೂರಕ್ಕೆ ಸರದಿ ಇತ್ತು. ಮಾವ ಎದ್ದು, ತಲೆಗೆ ಟವೆಲ್ ಸುತ್ತಿಕೊಂಡು, ಬ್ಯಾಟರಿ ಹಿಡಿದು ಹೊರಟರು. ನನಗೂ ಎಚ್ಚರವಾಗಿತ್ತು. ಹಿಂದೆಯೇ ಹೋದೆ.

ಮೋಟರ್ ಶುರುವಾಯಿತು. ಪೈಪಿನ ಬಾಯಲ್ಲಿ ಮೊದಲು ಗಾಳಿ ಬಂತು, ಆಮೇಲೆ ನೀರು. ಮಾವ ಗುದ್ದಲಿಯಿಂದ ಮಡಿಗೆ ನೀರು ತಿರುಗಿಸಿ ಬದುವಿನ ಮೇಲೆ ಬಂದು ಕೂತರು. ಬ್ಯಾಟರಿ ಆರಿಸಿದರು. ಸ್ವಲ್ಪ ಹೊತ್ತಿಗೆ ಕಣ್ಣು ಕತ್ತಲೆಗೆ ಒಗ್ಗಿತು. ದಕ್ಷಿಣಕ್ಕೆ ಚೇಳಿನ ಆಕಾರದ ವೃಶ್ಚಿಕ ರಾಶಿ ಮೇಲೆದ್ದು ನಿಂತಿತ್ತು. ಅದರ ನಡುವೆ ಕೆಂಪಗೆ ಜ್ಯೇಷ್ಠಾ ನಕ್ಷತ್ರ. ಚೇಳಿನ ಬಾಲದ ಹತ್ತಿರದಿಂದ ಆಕಾಶಗಂಗೆ ಪೂರ್ವದ ಕಡೆಗೆ ಬಾಗಿ, ಈಶಾನ್ಯದ ಬೆಟ್ಟದ ತನಕ ಹರಡಿತ್ತು. ಬೆಂಗಳೂರಿನಲ್ಲಿ ಹತ್ತು ವರ್ಷ ಇದ್ದ ನಾನು ಅದನ್ನು ಅಷ್ಟು ದಟ್ಟವಾಗಿ ನೋಡಿ ಬಹಳ ದಿನ ಆಗಿತ್ತು.

ಮಾವ ಆಕಾಶ ನೋಡುತ್ತಿದ್ದ ಕಾರಣ ಬೇರೆ. ಪಕ್ಕದ ಹೊಲದಲ್ಲಿ ಕಿತ್ತ ಈರುಳ್ಳಿ ರಾಶಿ ಬಿದ್ದಿತ್ತು. ಒಂದು ಮಳೆ ಹೊಡೆದರೆ ಎಲ್ಲಾ ಕೊಳೆಯುತ್ತದೆ.

"ಅದೇನೋ ಅದು? ನಡುವೆ ಮೋಡ ಅಡ್ಡ ಬಂದಂಗೈತೆ," ಅಂದರು.

ಅವರು ತೋರಿಸಿದ್ದು ಆಕಾಶಗಂಗೆಯ ನಡುವೆ ಉದ್ದಕ್ಕೂ ಇರುವ ಕಪ್ಪು ಸೀಳನ್ನು. ನಾನು ಓದಿದವನು. ತಡಮಾಡದೆ ಹೇಳಿದೆ: "ಇಲ್ಲ ಮಾವ, ಅದು ಮೋಡ ಅಲ್ಲ. ಅಲ್ಲಿ ನಕ್ಷತ್ರ ಇಲ್ಲ, ಖಾಲಿ ಜಾಗ ಅಷ್ಟೆ."

ಮಾವ ಇನ್ನೊಂದು ಸಲ ನೋಡಿದರು. "ಖಾಲಿ ಇದ್ದಂಗಿಲ್ಲ ಕಣಪ್ಪ. ಅಂಚು ನೋಡು, ಮೋಡದ ಅಂಚಿದ್ದಂಗೇ ಐತೆ," ಅಂದು ಮುಂದಿನ ಮಡಿಗೆ ನೀರು ಬಿಡಲು ಎದ್ದು ಹೋದರು.

ಮಾವ ಹೇಳಿದ್ದು ಸರಿ. ಅದು ಮೋಡವೇ. ನೆಲದಿಂದ ಒಂದೆರಡು ಕಿಲೋಮೀಟರ್ ಮೇಲೆ ತೇಲುವ ಮೋಡ ಅಲ್ಲ. ನೂರಾರು, ಸಾವಿರಾರು ಬೆಳಕಿನ ವರ್ಷ (ಬೆಳಕು ಒಂದು ವರ್ಷದಲ್ಲಿ ಹೋಗುವ ದೂರ) ಆಚೆ ಹರಡಿರುವ ಅನಿಲ ಮತ್ತು ದೂಳಿನ ಮೋಡ. ಅದರ ಹಿಂದೆ ನಕ್ಷತ್ರಗಳಿವೆ, ಲೆಕ್ಕವಿಲ್ಲದಷ್ಟು. ನಮಗೆ ಕಾಣದಂತೆ ಅದು ಅಡ್ಡ ನಿಂತಿದೆ. ಇದು ನನಗೆ ಗೊತ್ತಾಗಿದ್ದು ಆಮೇಲೆ. ಗೊತ್ತಾದ ದಿನದಿಂದ ಈ ಕಪ್ಪು ಮೋಡಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ನಾನು ಮಾಡಿದ ತಪ್ಪನ್ನೇ ದೊಡ್ಡ ದೊಡ್ಡವರು ನೂರು ವರ್ಷಕ್ಕೂ ಹೆಚ್ಚು ಕಾಲ ಮಾಡಿದ್ದರು.

ಮೊದಲನೆಯವರು ವಿಲಿಯಂ ಹರ್ಷೆಲ್. ಯುರೇನಸ್ ಗ್ರಹ ಕಂಡುಹಿಡಿದವರು. ಇಂಗ್ಲೆಂಡಿನಲ್ಲಿ ಕೂತು, ತಾವೇ ಮಾಡಿದ ದೊಡ್ಡ ದೂರದರ್ಶಕದಲ್ಲಿ ಆಕಾಶವನ್ನು ಪಟ್ಟಿ ಪಟ್ಟಿಯಾಗಿ ಗುಡಿಸಿದಂತೆ ನೋಡುತ್ತಾ ಹೋದರು. ವೃಶ್ಚಿಕದ ಮೈ ಹತ್ತಿರ ಬಂದಾಗ ನಕ್ಷತ್ರಗಳು ಇದ್ದಕ್ಕಿದ್ದಂತೆ ಇಲ್ಲವಾದವು. ಬಹಳ ಹೊತ್ತು ಮಾತಾಡದೆ ಕೂತಿದ್ದು, ಕೊನೆಗೆ ತಮ್ಮ ಮಾತೃಭಾಷೆ ಜರ್ಮನ್‌ನಲ್ಲಿ "ಇಲ್ಲಿ ನಿಜಕ್ಕೂ ಆಕಾಶದಲ್ಲಿ ಒಂದು ತೂತು ಇದೆ" ಎಂದರಂತೆ. ಇದನ್ನು ನೆನಪಿಟ್ಟುಕೊಂಡವರು ಅವರ ತಂಗಿ ಕ್ಯಾರೊಲಿನ್ ಹರ್ಷೆಲ್. ಅಣ್ಣ ನೋಡುತ್ತಿದ್ದರೆ ರಾತ್ರಿಯಿಡೀ ಜೊತೆಗೆ ಕೂತು ಬರೆದುಕೊಳ್ಳುತ್ತಿದ್ದವರು ಅವರೇ. ತಾವೂ ಹಲವು ಧೂಮಕೇತುಗಳನ್ನು ಕಂಡುಹಿಡಿದವರು. ಎಂಬತ್ತು ದಾಟಿದ ಮೇಲೆ, ಅಣ್ಣನ ಮಗ ಜಾನ್ ದಕ್ಷಿಣದ ಆಕಾಶ ನೋಡಲು ಆಫ್ರಿಕಾದ ಕೇಪ್‌ಗೆ ಹೊರಟ ಕಾಲಕ್ಕೆ, ಕ್ಯಾರೊಲಿನ್ ಅವನಿಗೆ ಕಾಗದ ಬರೆದರು. ನಿಮ್ಮಪ್ಪ ಹೀಗೆ ಹೇಳಿದ್ದ, ಆ ಚೇಳಿನ ಮೈಯನ್ನು ನನಗೋಸ್ಕರ ಒಂದು ಸಲ ಚೆನ್ನಾಗಿ ನೋಡು ಎಂದು ಕೇಳಿಕೊಂಡರು. ಅಣ್ಣ ತೀರಿಹೋಗಿ ಹತ್ತು ವರ್ಷದ ಮೇಲಾಗಿತ್ತು. ಐವತ್ತು ವರ್ಷ ಆ ಮಾತು ಅವರ ಮನಸ್ಸಿನಲ್ಲಿ ಉಳಿದಿತ್ತಲ್ಲ, ಅದು ನನಗೆ ಬಹಳ ಮುಟ್ಟಿತು.

ಆ ತೂತಿಗೆ ಹರ್ಷೆಲ್ ಒಂದು ಕಾರಣವನ್ನೂ ಯೋಚಿಸಿದ್ದರು. ಅದರ ಅಂಚಿನಲ್ಲೇ ನಕ್ಷತ್ರಗಳ ಒಂದು ದಟ್ಟ ಗುಂಪು ಇದೆ. ನಾವು ಈಗ ಅದನ್ನು ಎಂ80 ಎನ್ನುತ್ತೇವೆ. ಅಕ್ಕಪಕ್ಕದ ನಕ್ಷತ್ರಗಳೆಲ್ಲ ಗುರುತ್ವದಿಂದ ಅಲ್ಲಿ ಹೋಗಿ ಸೇರಿಕೊಂಡಿರಬೇಕು, ಅದಕ್ಕೇ ಈ ಜಾಗ ಬರಿದಾಗಿದೆ ಎಂದು 1785ರಲ್ಲಿ ಅನುಮಾನಪಟ್ಟು ಬರೆದರು. ನೋಡಿ, ತಪ್ಪಾದರೂ ಎಷ್ಟು ಸೊಗಸಾದ ಊಹೆ! ಎಂ80 ನಿಜವಾಗಿ ಆ ಕಪ್ಪಿಗಿಂತ ಎಷ್ಟೋ ಪಟ್ಟು ದೂರದಲ್ಲಿದೆ. ಎರಡಕ್ಕೂ ಸಂಬಂಧವೇ ಇಲ್ಲ. ಆದರೆ ಅಂದಿಗೆ ದೂರ ಅಳೆಯುವ ದಾರಿ ಇರಲಿಲ್ಲ. ಕಂಡದ್ದನ್ನು ಕಂಡಷ್ಟರಲ್ಲಿ ಜೋಡಿಸಬೇಕಿತ್ತು.

ಇದೇ ಕಪ್ಪನ್ನು ಬೇರೆ ಕಣ್ಣಿನಿಂದ ನೋಡಿದ ಜನ ಮೊದಲಿನಿಂದಲೂ ಇದ್ದರು. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಜನ, ಇಂಕಾಗಳು ಮತ್ತು ಅವರ ನಂತರದವರು, ಆಕಾಶಗಂಗೆಯ ಕಪ್ಪು ಭಾಗಗಳಿಗೇ ಹೆಸರಿಟ್ಟರು. ಅವರಿಗೆ ಅಲ್ಲಿ ಲಾಮಾ ಎಂಬ ಒಂಟೆ ಜಾತಿಯ ಸಾಕುಪ್ರಾಣಿ ಕಂಡಿತು, ಅದರ ಮರಿ ಕಂಡಿತು, ನರಿ, ಕಪ್ಪೆ, ಹಾವು ಕಂಡವು. ನಮ್ಮ ಕಡೆಯಿಂದ ದಕ್ಷಿಣ ದಿಗಂತದಲ್ಲಿ ಕಾಣುವ ಆಲ್ಫಾ ಮತ್ತು ಬೀಟಾ ಸೆಂಟಾರಿ ನಕ್ಷತ್ರಗಳು ಅವರಿಗೆ ಲಾಮಾದ ಎರಡು ಕಣ್ಣು. ಅವರ ಕೆಚುವಾ ಭಾಷೆಯಲ್ಲಿ ಈ ಕಪ್ಪು ಆಕಾರಗಳಿಗೆಲ್ಲ 'ಯಾನಾ ಫುಯು' ಎನ್ನುತ್ತಾರೆ. ಯಾನಾ ಅಂದರೆ ಕಪ್ಪು. ಫುಯು ಅಂದರೆ ಮೋಡ! ಇದನ್ನು ಓದಿದಾಗ ಮಾವನ ಮಾತು ಕಿವಿಯಲ್ಲೇ ಕೇಳಿದಂತಾಯಿತು.

ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿ ಹಲವರಿಗೆ ಅದು ಎಮು ಪಕ್ಷಿ. ದಕ್ಷಿಣ ಶಿಲುಬೆ ಎಂಬ ನಕ್ಷತ್ರಪುಂಜದ ಪಕ್ಕದ ಕಪ್ಪು ಮಚ್ಚೆ ಅದರ ತಲೆ. ಆ ಮಚ್ಚೆಗೆ ಖಗೋಳದವರು ಕೋಲ್‌ಸ್ಯಾಕ್, ಅಂದರೆ ಇದ್ದಿಲ ಚೀಲ ಎಂಬ ಹೆಸರಿಟ್ಟಿದ್ದಾರೆ. ಸುಮಾರು 600 ಬೆಳಕಿನ ವರ್ಷ ದೂರ. ಏಪ್ರಿಲ್, ಮೇ ತಿಂಗಳ ರಾತ್ರಿ ಕರ್ನಾಟಕದಿಂದಲೂ ಕಾಣುತ್ತದೆ, ಆದರೆ ತೀರಾ ತಗ್ಗಿನಲ್ಲಿ. ಬೆಂಗಳೂರಿನ ಅಕ್ಷಾಂಶಕ್ಕೆ ದಿಗಂತದಿಂದ ಹದಿನಾಲ್ಕು ಡಿಗ್ರಿಯಷ್ಟು ಮೇಲೆ ಅಷ್ಟೆ. ದಕ್ಷಿಣಕ್ಕೆ ಊರಿನ ದೀಪ ಇದ್ದರೆ ಆಸೆ ಬಿಡಬೇಕು. ಆಸ್ಟ್ರೇಲಿಯಾದ ಆ ಜನರಲ್ಲಿ ಕೆಲವರು ಆಕಾಶದ ಎಮುವಿನ ಭಂಗಿ ನೋಡಿಯೇ ಎಮು ಮೊಟ್ಟೆ ಇಡುವ ಕಾಲ ತಿಳಿಯುತ್ತಿದ್ದರು. ನಾವು ಮಳೆ ನಕ್ಷತ್ರ ನೋಡಿ ಬಿತ್ತನೆ ಮಾಡಿದ ಹಾಗೆ ಅಲ್ವಾ? ನಮ್ಮ ಇಪ್ಪತ್ತೇಳು ನಕ್ಷತ್ರಗಳು ಹೊಳೆಯುವ ಚುಕ್ಕಿಗಳನ್ನು ಹಿಡಿದು ಹೆಸರಾದವು. ಅವರು ಕತ್ತಲೆಯ ಆಕಾರ ಹಿಡಿದರು.

ಈ ಕತೆಯಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವರು ಎಡ್ವರ್ಡ್ ಎಮರ್ಸನ್ ಬರ್ನಾರ್ಡ್. 1857ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಹುಟ್ಟಿದರು. ಹುಟ್ಟುವ ಮೊದಲೇ ಅಪ್ಪ ತೀರಿಹೋಗಿದ್ದರು. ಮನೆಯಲ್ಲಿ ಕಡು ಬಡತನ. ಶಾಲೆಗೆ ಹೋಗಿದ್ದು ಕೆಲವೇ ತಿಂಗಳು. ಇನ್ನೂ ಒಂಬತ್ತು ವರ್ಷ ತುಂಬಿರಲಿಲ್ಲ, ಫೋಟೋ ಸ್ಟುಡಿಯೋ ಒಂದರಲ್ಲಿ ಕೆಲಸಕ್ಕೆ ಸೇರಿಸಿದರು. ಆಗ ಫೋಟೋ ದೊಡ್ಡದು ಮಾಡಲು ಸೂರ್ಯನ ಬೆಳಕೇ ಬೇಕು. ಮಾಳಿಗೆಯ ಮೇಲೆ ಒಂದು ಭಾರೀ ಕ್ಯಾಮೆರಾ. ಅದನ್ನು ಸೂರ್ಯ ಸರಿದಂತೆಲ್ಲ ಕೈಯಿಂದ ತಿರುಗಿಸುತ್ತಾ ಇರಬೇಕು. ಇಡೀ ದಿನ. ಬೇರೆ ಹುಡುಗರು ನಿದ್ದೆ ಹೋಗುತ್ತಿದ್ದರಂತೆ. ಈ ಹುಡುಗ ಹೋಗಲಿಲ್ಲ.

ಆ ಸ್ಟುಡಿಯೋದಲ್ಲಿ ಹದಿನೇಳು ವರ್ಷ ಕಳೆದರು. ರಾತ್ರಿ ತಮ್ಮ ಪುಟ್ಟ ದೂರದರ್ಶಕದಲ್ಲಿ ಧೂಮಕೇತು ಹುಡುಕಿದರು. ಹೊಸ ಧೂಮಕೇತುವಿಗೆ 200 ಡಾಲರ್ ಬಹುಮಾನ ಕೊಡುವ ಶ್ರೀಮಂತರೊಬ್ಬರಿದ್ದರು. ಆ ದುಡ್ಡಿನಲ್ಲಿ ಬರ್ನಾರ್ಡ್ ಮನೆ ಕಟ್ಟಿಸಿದರು. ಸಾಲದ ಕಂತು ಬಂದಾಗೆಲ್ಲ ಒಂದು ಧೂಮಕೇತು ಸಿಕ್ಕಿದಂತೆ ಆಯಿತು ಆ ಮನೆಯ ಕತೆ. ಮುಂದೆ ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯ ಸೇರಿದರು. 1892ರಲ್ಲಿ ಗುರುವಿನ ಐದನೇ ಚಂದ್ರನನ್ನು ಕಣ್ಣಿನಿಂದಲೇ ನೋಡಿ ಹಿಡಿದರು. ಗೆಲಿಲಿಯೋ ನಾಲ್ಕನ್ನು ಕಂಡು 282 ವರ್ಷ ಆದ ಮೇಲೆ.

ಆದರೆ ಅವರು ಮನಸ್ಸಿಟ್ಟಿದ್ದು ಆಕಾಶಗಂಗೆಯ ಮೇಲೆ. 1889ರಲ್ಲಿ ಅದರ ಫೋಟೋ ತೆಗೆಯಲು ಶುರು ಮಾಡಿದರು. ಬಳಸಿದ ಲೆನ್ಸ್ ಯಾವುದು ಗೊತ್ತಾ? ಸ್ಟುಡಿಯೋದಲ್ಲಿ ಜನರ ಮುಖ ತೆಗೆಯುವ ಹಳೆಯ ಪೋರ್ಟ್ರೇಟ್ ಲೆನ್ಸ್. ಸ್ಯಾನ್ ಫ್ರಾನ್ಸಿಸ್ಕೋದ ಸ್ಟುಡಿಯೋದಿಂದ ಬಂದದ್ದು. ದೊಡ್ಡ ದೂರದರ್ಶಕ ಆಕಾಶದ ಒಂದು ಸೂಜಿಮೊನೆಯನ್ನು ಮಾತ್ರ ತೋರಿಸುತ್ತದೆ. ಈ ಲೆನ್ಸ್ ಅಗಲವಾಗಿ ನೋಡುತ್ತದೆ. ಗಂಟೆಗಟ್ಟಲೆ ತೆರೆದಿಟ್ಟು, ಭೂಮಿ ತಿರುಗಿದಂತೆ ಕೈಯಿಂದ ಸರಿಪಡಿಸುತ್ತಾ ಕೂರಬೇಕು. ಬಾಲ್ಯದಲ್ಲಿ ಸೂರ್ಯನ ಹಿಂದೆ ತಿರುಗಿಸಿದ ಅದೇ ಕೈ, ಅದೇ ತಾಳ್ಮೆ. ಚಳಿಯಲ್ಲಿ, ಕತ್ತಲಲ್ಲಿ, ಒಂಟಿಯಾಗಿ.

ಪ್ಲೇಟ್ ತೊಳೆದಾಗ ಅವರ ಮುಂದೆ ಕಪ್ಪು ಓಣಿಗಳು, ಕಪ್ಪು ಹಳ್ಳಗಳು, ಮಸಿ ಚೆಲ್ಲಿದಂಥ ಮಚ್ಚೆಗಳು ಎದ್ದು ಬಂದವು. ಅವನ್ನು ಅವರಷ್ಟು ಚೆನ್ನಾಗಿ ನೋಡಿದವರು ಆಗ ಲೋಕದಲ್ಲೇ ಇರಲಿಲ್ಲ. ಆದರೂ ಅವರು ಅವನ್ನು ತೂತು ಎಂದೇ ಕರೆದರು. ಇದು ಯಾವುದೋ ವಸ್ತು ಅಡ್ಡ ಬಂದಿರುವುದು ಎಂದು 1890ರ ದಶಕದಲ್ಲೇ ಕೆಲವರು ಹೇಳಿದರು. ಬರ್ನಾರ್ಡ್ ಒಪ್ಪಲಿಲ್ಲ. ಇಪ್ಪತ್ತು ವರ್ಷ ಅವರೊಳಗೆ ತೂಗಾಟ ನಡೆಯಿತು. ಒಂದು ಮಚ್ಚೆ ತೂತಿನಂತೆ ಕಾಣುತ್ತದೆ, ಇನ್ನೊಂದರ ಅಂಚಿನಲ್ಲಿ ಮಂದ ಹೊಳಪು ಇದೆ. ವೃಷಭ ರಾಶಿಯಲ್ಲಿ ಒಂದು ಕಪ್ಪು ಓಣಿ ಹಿಂದಿನ ಆಕಾಶಕ್ಕಿಂತ ಬೇರೆಯಾಗಿ, ಏನೋ ಇದ್ದಂತೆ ಇದೆ. ಒಮ್ಮೆ ಇತ್ತ, ಒಮ್ಮೆ ಅತ್ತ.

1913ರ ಬೇಸಿಗೆಯ ಒಂದು ರಾತ್ರಿ. ಚಂದ್ರ ಇಲ್ಲ. ಆಕಾಶ ತಿಳಿಯಾಗಿದೆ. ಧನು ರಾಶಿಯ ಕಡೆ, ಆಕಾಶಗಂಗೆ ಅತಿ ಹೆಚ್ಚು ಹೊಳೆಯುವ ಜಾಗದಲ್ಲಿ, ನಮ್ಮದೇ ಭೂಮಿಯ ಮೇಲಿನ ಒಂದಷ್ಟು ಚಿಕ್ಕ ಚಿಕ್ಕ ಮೋಡದ ತುಣುಕುಗಳು ತೇಲಿ ಬಂದವು. ಅವು ಎಷ್ಟು ಚಿಕ್ಕವು, ಎಷ್ಟು ಸ್ಪಷ್ಟ ಅಂಚಿನವು ಅಂದರೆ, ಹೊಳಪಿನ ಮೇಲೆ ಶಾಯಿಯ ಹನಿ ಬಿದ್ದಂತೆ ಕಪ್ಪಗೆ ಕಂಡವು. ಬರ್ನಾರ್ಡ್ ಬೆರಗಾದರು. ತಾವು ಫೋಟೋದಲ್ಲಿ ಇಷ್ಟು ವರ್ಷ ನೋಡುತ್ತಿದ್ದ ಮಚ್ಚೆಗಳು ಇದೇ ಥರ ಅಲ್ಲವೇ! ಸುಮ್ನೆ ಅಡ್ಡ ಬಂದ ಒಂದು ಮೋಡ, ಹಿಂದೆ ಬೆಳಕು. ಇದನ್ನು ಅವರೇ ಬರೆದಿಟ್ಟಿದ್ದಾರೆ.

ಅದನ್ನು ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಚಳ್ಳಕೆರೆಯ ಬದುವಿನ ಮೇಲೆ ನನ್ನ ಮಾವ ಕಂಡದ್ದೂ ಇದನ್ನೇ. ಮಳೆ ಬರುತ್ತದೋ ಇಲ್ಲವೋ ಎಂದು ಮೋಡ ನೋಡುತ್ತಾ ಆಯುಷ್ಯ ಕಳೆದ ಕಣ್ಣಿಗೆ ಮೋಡದ ಅಂಚು ಗೊತ್ತಿರುತ್ತದೆ.

ಬರ್ನಾರ್ಡ್ 1919ರಲ್ಲಿ 182 ಕಪ್ಪು ಮಚ್ಚೆಗಳ ಪಟ್ಟಿ ಪ್ರಕಟಿಸಿದರು. ಅಡ್ಡ ಬರುವ ವಸ್ತು ಆಕಾಶದಲ್ಲಿ ಇದೆ ಎಂದು ಈಗ ಗಟ್ಟಿಯಾಗಿ ಹೇಳಿದರು. ಆದರೂ ಎಲ್ಲವೂ ಹಾಗೇ ಎಂದು ಹೇಳುವುದು ಜಾಣತನ ಅಲ್ಲ ಎಂದರು. ಆ ವಸ್ತು ಏನು ಎಂಬುದು ಬೇರೆಯೇ ಪ್ರಶ್ನೆ ಎಂದೂ ಸೇರಿಸಿದರು. ನಾನು ಒಂದು ಸೆಕೆಂಡಿನಲ್ಲಿ 'ಖಾಲಿ ಜಾಗ' ಎಂದು ತೀರ್ಪು ಕೊಟ್ಟವನು. ಅವರು ಮೂವತ್ತು ವರ್ಷ ನೋಡಿ, ತಾವು ನೋಡಿದ್ದರಿಂದ ಎಷ್ಟು ಹೇಳಬಹುದೋ ಅಷ್ಟೇ ಹೇಳಿದರು. ಈ ಹಿಡಿತದ ಮೇಲೆ ನನಗಿರುವ ಗೌರವ ದೊಡ್ಡದು.

1923ರಲ್ಲಿ ಬರ್ನಾರ್ಡ್ ತೀರಿಹೋದರು. ಅವರ ಆಕಾಶಗಂಗೆಯ ಅಟ್ಲಾಸ್ ಹೊರಬಂದದ್ದು 1927ರಲ್ಲಿ. ಅವರ ಹೆಂಡತಿಯ ಕಡೆಯ ಬಂಧು ಮೇರಿ ಕ್ಯಾಲ್ವರ್ಟ್ ಮತ್ತು ಯರ್ಕಿಸ್ ವೀಕ್ಷಣಾಲಯದ ಎಡ್ವಿನ್ ಫ್ರಾಸ್ಟ್ ಅದನ್ನು ಮುಗಿಸಿದರು. ಅಚ್ಚಿನ ಚಿತ್ರ ಬರ್ನಾರ್ಡ್‌ಗೆ ಒಪ್ಪಿಗೆ ಆಗಿರಲಿಲ್ಲ. ನಿಜವಾದ ಫೋಟೋ ಪ್ರಿಂಟ್‌ಗಳೇ ಬೇಕು ಎಂದಿದ್ದರು. 700 ಪ್ರತಿ, ಒಟ್ಟು 35,700 ಪ್ರಿಂಟ್. ಬದುಕಿದ್ದಾಗ ಒಂದೊಂದನ್ನೂ ತಾವೇ ಪರೀಕ್ಷಿಸಿದ್ದರು.

ಆಮೇಲಿನ ಮುಖ್ಯ ಹೆಜ್ಜೆ 1930ರದು. ರಾಬರ್ಟ್ ಟ್ರಂಪ್ಲರ್ ದೂರದ ನಕ್ಷತ್ರ ಗುಂಪುಗಳು ತಮ್ಮ ದೂರಕ್ಕೆ ಇರಬೇಕಾದ್ದಕ್ಕಿಂತ ಮಂಕಾಗಿವೆ ಎಂದು ಅಳೆದು ತೋರಿಸಿದರು. ಅಂದರೆ ಕಪ್ಪು ಮಚ್ಚೆಗಳಲ್ಲಿ ಮಾತ್ರ ಅಲ್ಲ, ನಕ್ಷತ್ರಗಳ ನಡುವೆ ಎಲ್ಲೆಲ್ಲೂ ತೆಳುವಾಗಿ ದೂಳು ಇದೆ. ಅಲ್ಲಿಗೆ ತೂತಿನ ವಾದ ಮುಗಿಯಿತು.

ಈಗ ಒಂದೇ ಒಂದು ಮೋಡದ ಹತ್ತಿರ ಹೋಗೋಣ. ಬರ್ನಾರ್ಡ್ ಪಟ್ಟಿಯ 68ನೆಯದು. ವೃಶ್ಚಿಕ ಮತ್ತು ಧನು ರಾಶಿಗಳ ನಡುವೆ ಮೇಲುಗಡೆ ಇದೆ. 1999ರಲ್ಲಿ ಚಿಲಿ ದೇಶದ ಪರನಾಲ್ ಬೆಟ್ಟದ ವೆರಿ ಲಾರ್ಜ್ ಟೆಲಿಸ್ಕೋಪ್ ತೆಗೆದ ಅದರ ಫೋಟೋ ಒಮ್ಮೆ ನೋಡಿದರೆ ಮರೆಯುವುದಿಲ್ಲ. ರಾಗಿ ಚೆಲ್ಲಿದಂತೆ ನಕ್ಷತ್ರಗಳು. ನಡುವೆ ಯಾರೋ ಕೈಯಿಂದ ಒರೆಸಿದಂತೆ ಕಡುಕಪ್ಪು. ಒಳಗೆ ಒಂದೂ ಚುಕ್ಕಿ ಇಲ್ಲ. ನಮಗೂ ಅದಕ್ಕೂ ನಡುವೆ ಒಂದೂ ನಕ್ಷತ್ರ ಬೀಳದಷ್ಟು ಅದು ಹತ್ತಿರ. ಹತ್ತಿರ ಎಂದರೆ 400ರಿಂದ 500 ಬೆಳಕಿನ ವರ್ಷ. ಅಗಲ ಅರ್ಧ ಬೆಳಕಿನ ವರ್ಷ. ಅಂದರೆ ನಾಲ್ಕೂವರೆ ಲಕ್ಷ ಕೋಟಿ ಕಿಲೋಮೀಟರ್‌ಗೂ ಹೆಚ್ಚು.

ಇಷ್ಟು ಕಪ್ಪಗಿರುವ ಮೋಡ ಬಹಳ ದಟ್ಟ ಇರಬೇಕು ಅಂತ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಆದರೆ ಅದರ ಅತಿ ದಟ್ಟವಾದ ನಡುಭಾಗದಲ್ಲೂ ಒಂದು ಸಕ್ಕರೆ ಕ್ಯೂಬಿನಷ್ಟು ಜಾಗದಲ್ಲಿ ಕೆಲವು ಲಕ್ಷ ಅಣುಗಳು ಮಾತ್ರ ಇವೆ. ನಾವು ಉಸಿರಾಡುವ ಗಾಳಿಯಲ್ಲಿ ಅಷ್ಟೇ ಜಾಗದಲ್ಲಿ ಎಷ್ಟಿವೆ? ಇಪ್ಪತ್ತೈದು ಬರೆದು ಅದರ ಮುಂದೆ ಹದಿನೆಂಟು ಸೊನ್ನೆ ಹಾಕಬೇಕು. ನಮ್ಮ ಕಾರ್ಖಾನೆಗಳಲ್ಲಿ ಪಂಪ್ ಹಾಕಿ ಗಾಳಿ ಹೀರಿದ ಪೆಟ್ಟಿಗೆಯೊಳಗೂ ಆ ಮೋಡಕ್ಕಿಂತ ಜಾಸ್ತಿ ಅಣುಗಳಿರುತ್ತವೆ. ಮತ್ತೆ ಕಪ್ಪು ಹೇಗೆ? ಮುಳ್ಳಯ್ಯನಗಿರಿಯ ಮಂಜಿನಲ್ಲಿ ನಿಂತವರಿಗೆ ಇದು ಹೇಳಬೇಕಿಲ್ಲ. ನಿಮ್ಮ ಕೈ ನಿಮಗೆ ಸ್ಪಷ್ಟ ಕಾಣುತ್ತದೆ. ಮಂಜು ಅಲ್ಲಿ ಇದೆಯೋ ಇಲ್ಲವೋ ಎಂಬಷ್ಟು ತೆಳು. ಎದುರಿನ ಬೆಟ್ಟ ಮಾತ್ರ ಪೂರಾ ಮಾಯ. ತೆಳುವಾದದ್ದು ಬಹಳ ದೂರದ ತನಕ ಹಬ್ಬಿದರೆ ಗೋಡೆಯಾಗುತ್ತದೆ. ಬರ್ನಾರ್ಡ್ 68ರ ನಡುವಿನಿಂದ ಹಿಂದಿನ ನಕ್ಷತ್ರದ ಬೆಳಕು ನೂರು ಕೋಟಿಯಲ್ಲಿ ಒಂದು ಪಾಲೂ ಈಚೆ ಬರುವುದಿಲ್ಲ.

ಈ ಗೋಡೆ ಕಟ್ಟುವುದು ದೂಳು. ಮೋಡದ ತೂಕದಲ್ಲಿ ಅದರ ಪಾಲು ನೂರಕ್ಕೆ ಒಂದು. ಉಳಿದದ್ದು ಹೈಡ್ರೋಜನ್, ಹೀಲಿಯಂ. ದೂಳಿನ ಒಂದು ಕಣ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಗಾತ್ರ. ಬೀಡಿ ಹೊಗೆಯ ಕಣದಷ್ಟು ಅನ್ನಿ. ಆದರೆ ಮೋಡದ ಒಟ್ಟು ತೂಕ ಎರಡು ಸೂರ್ಯನಷ್ಟಾದರೂ ಇದೆ. ನೂರರಲ್ಲಿ ಒಂದು ಎಂದು ಲೆಕ್ಕ ಹಾಕಿದರೂ ಬರೀ ದೂಳೇ ಆರು ಸಾವಿರ ಭೂಮಿಗಳ ತೂಕ ಮೀರುತ್ತದೆ.

ಸಂಜೆ ಸೂರ್ಯ ಕೆಂಪಾಗುವುದನ್ನು ನೋಡಿದ್ದೀರಲ್ಲ? ನೀಲಿ ಬೆಳಕು ದಾರಿಯಲ್ಲೇ ಚದುರಿಹೋಗುತ್ತದೆ, ಕೆಂಪು ಮುಂದೆ ಬರುತ್ತದೆ. ಈ ಮೋಡದಲ್ಲೂ ಹಾಗೆಯೇ. ಕೆಂಪಿಗಿಂತ ಆಚೆಯ, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಇನ್ನೂ ಸುಲಭವಾಗಿ ತೂರಿಬರುತ್ತದೆ. ಜೊವಾವ್ ಆಲ್ವೆಸ್, ಚಾರ್ಲ್ಸ್ ಲಾಡಾ, ಎಲಿಜಬೆತ್ ಲಾಡಾ ಎಂಬ ಮೂವರು ಖಗೋಳ ವಿಜ್ಞಾನಿಗಳು ಅವಕೆಂಪಿನಲ್ಲಿ ಈ ಮೋಡದ ಫೋಟೋ ತೆಗೆದರು. ಕಪ್ಪು ಮಚ್ಚೆ ಕರಗಿಹೋಯಿತು. ಹಿಂದಿನ ನಕ್ಷತ್ರಗಳು ಒಂದೊಂದಾಗಿ ಕಂಡವು, ಸುಮಾರು 3,700. ಅದರಲ್ಲಿ ಸಾವಿರಕ್ಕೂ ಹೆಚ್ಚು ನಕ್ಷತ್ರಗಳು ಅವಕೆಂಪಿನಲ್ಲಿ ಮಾತ್ರ ಕಾಣುವಂಥವು. ಯಾವ ನಕ್ಷತ್ರ ಎಷ್ಟು ಕೆಂಪಾಗಿದೆಯೋ ಅದರ ಮುಂದೆ ಅಷ್ಟು ದೂಳಿದೆ. ಹೀಗೆ ಮೋಡದ ಪ್ರತಿ ಭಾಗದ ದಪ್ಪ ಅಳೆದರು. 2001ರಲ್ಲಿ ಪ್ರಕಟವಾದ ಆ ಲೆಕ್ಕದಂತೆ ಮೋಡ ಒಂದು ನಾಜೂಕಾದ ಸಮತೋಲದಲ್ಲಿದೆ. ತನ್ನ ತೂಕ ಅದನ್ನು ಒಳಗೆ ಎಳೆಯುತ್ತಿದೆ. ಒಳಗಿನ ಅನಿಲ ಹೊರಗೆ ತಳ್ಳುತ್ತಿದೆ. ಎರಡೂ ಸರಿಸಮ, ಆದರೆ ಅಂಚಿಗೆ ಬಂದು ನಿಂತಿದೆ. ಇನ್ನು ಕೆಲವು ಲಕ್ಷ ವರ್ಷದಲ್ಲಿ ಕುಸಿದು ಅಲ್ಲೊಂದು ನಕ್ಷತ್ರ ಹುಟ್ಟಬಹುದು.

ಇಲ್ಲಿ ನನಗೆ ಅತಿ ವಿಚಿತ್ರ ಅನ್ನಿಸಿದ ಮಾತು ಚಳಿಯದು. ಈ ಮೋಡದ ಒಳಗೆ ಸೊನ್ನೆಗಿಂತ 260 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ. ನಕ್ಷತ್ರ ಹುಟ್ಟಲು ಅಷ್ಟು ಚಳಿಯೇ ಬೇಕು. ಬಿಸಿ ಇದ್ದರೆ ಅನಿಲ ಉಬ್ಬುತ್ತದೆ, ಕೂಡಿಕೊಳ್ಳುವುದಿಲ್ಲ. ದೂಳು ಹೊರಗಿನ ನಕ್ಷತ್ರಗಳ ಬೆಳಕನ್ನು ತಡೆದು ಒಳಗನ್ನು ತಣ್ಣಗೆ ಕಾಪಾಡುತ್ತದೆ. ನಮ್ಮ ಸೂರ್ಯ ಹೊತ್ತಿಕೊಂಡದ್ದೂ ಸುಮಾರು 460 ಕೋಟಿ ವರ್ಷ ಹಿಂದೆ ಇಂಥದೇ ಮೋಡದ ಒಳಗೆ.

ದೂಳು ಎಲ್ಲಿಂದ ಬಂತು? ಮುದಿ ನಕ್ಷತ್ರಗಳಿಂದ. ಇಂಗಾಲ ಹೆಚ್ಚಿರುವ ಮುದಿ ನಕ್ಷತ್ರ ಮಸಿ ಬಿಡುತ್ತದೆ. ಸೌದೆ ಒಲೆಯ ಮೇಲಿಟ್ಟ ಪಾತ್ರೆಯ ತಳದಲ್ಲಿ ಕಟ್ಟುವ ಮಸಿಯ ಜಾತಿಯೇ. ಆಮ್ಲಜನಕ ಹೆಚ್ಚಿರುವುದು ಕಲ್ಲು, ಮರಳಿನ ಜಾತಿಯ ದೂಳು ಬಿಡುತ್ತದೆ. 2019ರ ಕೊನೆಯಿಂದ 2020ರ ಫೆಬ್ರವರಿ ತನಕ ಆರಿದ್ರಾ ನಕ್ಷತ್ರ ಮಂಕಾದದ್ದು ನಿಮಗೆ ನೆನಪಿರಬಹುದು. ನಾನು ರಾತ್ರಿ ರಾತ್ರಿ ಮಾಳಿಗೆ ಹತ್ತಿ ಅದನ್ನು ಪಕ್ಕದ ರೋಹಿಣಿಗೆ ಹೋಲಿಸಿ ನೋಡುತ್ತಿದ್ದೆ. ಬರಿಗಣ್ಣಿಗೇ ವ್ಯತ್ಯಾಸ ಗೊತ್ತಾಗುತ್ತಿತ್ತು. ಆರಿದ್ರೆ ಉಗುಳಿದ ಅನಿಲ ತಣ್ಣಗಾಗಿ ದೂಳು ಕಟ್ಟಿ ನಮಗೆ ಅಡ್ಡ ಬಂದಿತ್ತು ಎಂದು ಆಮೇಲೆ ಖಗೋಳ ವಿಜ್ಞಾನಿಗಳು ವಿವರಿಸಿದರು. ನಮ್ಮ ಮಳೆ ನಕ್ಷತ್ರ, ನಾವು ನೋಡುತ್ತಿರುವಾಗಲೇ, ಮುಂದಿನ ಮೋಡಗಳಿಗೆ ದೂಳು ಒದಗಿಸುತ್ತಿತ್ತು.

ಅಂಥ ದೂಳನ್ನು ಕೈಯಲ್ಲಿ ಹಿಡಿದವರೂ ಇದ್ದಾರೆ. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್ ಎಂಬ ಊರಲ್ಲಿ ಉಲ್ಕೆ ಬಿತ್ತು. ಅದರೊಳಗೆ ಸಿಲಿಕಾನ್ ಕಾರ್ಬೈಡ್‌ನ ಕಣಗಳು ಸಿಕ್ಕವು. ಸಾಣೆ ಹಿಡಿಯುವ ಚಕ್ರಗಳಲ್ಲಿ ಬಳಸುವ ವಸ್ತುವೇ ಅದು. 2020ರಲ್ಲಿ ಬಂದ ಲೆಕ್ಕದಂತೆ ಅವುಗಳಲ್ಲಿ ಅತಿ ಹಳೆಯದಕ್ಕೆ ಸುಮಾರು 700 ಕೋಟಿ ವರ್ಷ. ಸೂರ್ಯನಿಗಿಂತ ಹಿರಿಯ ದೂಳು.

ನಮ್ಮ ಬೆಂಗಳೂರಿಗೂ ಈ ಮೋಡಗಳಿಗೂ ಒಂದು ನಂಟಿದೆ. ಹೈಡ್ರೋಜನ್ ಅಣು ಅಷ್ಟು ಚಳಿಯಲ್ಲಿ ಏನೂ ಸುಳಿವು ಕೊಡುವುದಿಲ್ಲ. ಸುಳಿವು ಕೊಡುವುದು ಜೊತೆಗಿರುವ ಕಾರ್ಬನ್ ಮಾನಾಕ್ಸೈಡ್. ಅದು 2.6 ಮಿಲಿಮೀಟರ್ ಉದ್ದದ ರೇಡಿಯೋ ಅಲೆಯಲ್ಲಿ ಮಿಡಿಯುತ್ತದೆ. 1970ರಲ್ಲಿ ಅಮೆರಿಕದಲ್ಲಿ ಮೊದಲು ಹಿಡಿದರು. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯ ಆವರಣದಲ್ಲಿ ಈ ಅಲೆಗಳಿಗೆಂದೇ 10.4 ಮೀಟರ್ ಅಗಲದ ದೂರದರ್ಶಕ ಕಟ್ಟಿದ್ದರು. ದಕ್ಷಿಣ ಆಕಾಶದಲ್ಲಿ ಗಮ್ ನೆಬ್ಯುಲಾ ಎಂಬ ಹೊಳೆಯುವ ಅನಿಲದ ಮೋಡದ ಸುತ್ತ ಬಾಲ ಬಿಟ್ಟುಕೊಂಡು ನಿಂತಿರುವ ಕಪ್ಪು ಮೋಡದ ತುಣುಕುಗಳು ಹೇಗೆ ಚಲಿಸುತ್ತಿವೆ ಎಂದು ಅದರಲ್ಲಿ ಅಳೆದರು. ಆಕಾಶಗಂಗೆ ಯಾರ ಕಣ್ಣಿಗೂ ಕಾಣದ ಊರಿನ ನಡುವೆ ಕೂತು ಅದರ ಅತಿ ಕಪ್ಪು ಜಾಗಗಳ ಮಾತು ಕೇಳಿಸಿಕೊಂಡರು! ಆ ರಸ್ತೆಯಲ್ಲಿ ಹೋಗುವಾಗೆಲ್ಲ ನನಗೆ ಇದು ನೆನಪಾಗುತ್ತದೆ.

ದೂಳು ಬರೀ ಅಡ್ಡ ನಿಲ್ಲುವುದಿಲ್ಲ. ಕೆಲಸವನ್ನೂ ಮಾಡುತ್ತದೆ. ಅಷ್ಟು ತೆಳುವಾದ ಜಾಗದಲ್ಲಿ ಎರಡು ಪರಮಾಣು ಎದುರಾಗುವುದೇ ಅಪರೂಪ. ಎದುರಾದರೂ ಕೂಡಿಕೊಳ್ಳುವುದು ಕಷ್ಟ. ದೂಳಿನ ಕಣ ಅವಕ್ಕೆ ಅರಳಿಕಟ್ಟೆ ಇದ್ದ ಹಾಗೆ. ಒಂದು ಬಂದು ಕೂರುತ್ತದೆ, ಆಮೇಲೆ ಇನ್ನೊಂದು ಬರುತ್ತದೆ. ಹೈಡ್ರೋಜನ್ ಹೈಡ್ರೋಜನ್ ಕೂಡುತ್ತದೆ. ಆಮ್ಲಜನಕ ಬಂದರೆ ನೀರಾಗುತ್ತದೆ. ನೀರು ಅಲ್ಲೇ ಕಣದ ಮೇಲೆ ಮಂಜುಗಡ್ಡೆಯ ಪದರವಾಗಿ ಕಟ್ಟುತ್ತದೆ. 2023ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಕಮೀಲಿಯನ್ ನಕ್ಷತ್ರಪುಂಜದ ಒಂದು ಕಪ್ಪು ಮೋಡದ ಹಿಂದಿನ ನಕ್ಷತ್ರಗಳನ್ನು ನೋಡಿ, ದಾರಿಯಲ್ಲಿರುವ ಮಂಜನ್ನು ಗುರುತು ಹಿಡಿಯಿತು. ನೀರು, ಅಮೋನಿಯಾ, ಮೀಥೇನ್, ಮೆಥನಾಲ್, ಎಲ್ಲಾ ಹೆಪ್ಪುಗಟ್ಟಿ ದೂಳಿಗೆ ಅಂಟಿಕೊಂಡಿದ್ದವು. ರೋಹಿಣಿಯ ಉತ್ತರಕ್ಕೆ, ಕೃತ್ತಿಕೆಯ ಪೂರ್ವಕ್ಕೆ ಇರುವ ವೃಷಭದ ಮೋಡದಲ್ಲಿ ಬೆಂಜೀನ್ ಉಂಗುರ, ಅಂದರೆ ಆರು ಇಂಗಾಲದ ಪರಮಾಣು ಸುತ್ತಾಗಿ ಕೂಡಿದ ಆಕಾರ ಇರುವ ಅಣುವೂ 2018ರಲ್ಲಿ ಸಿಕ್ಕಿತು. ಬರ್ನಾರ್ಡ್ ಇಲ್ಲಿ ಏನೋ ಇದೆ ಎಂದು ತಲೆ ಕೆಡಿಸಿಕೊಂಡದ್ದು ಅದೇ ಕಡೆ.

ಆ ಚಳಿಯಲ್ಲಿ ಹುಟ್ಟಿದ ನೀರಿಗೆ ಒಂದು ಗುರುತಿದೆ. ಅದರಲ್ಲಿ ಭಾರದ ಹೈಡ್ರೋಜನ್, ಅಂದರೆ ಮಾಮೂಲಿ ಹೈಡ್ರೋಜನ್‌ಗಿಂತ ಸುಮಾರು ಎರಡರಷ್ಟು ತೂಗುವುದು, ಹೆಚ್ಚಿಗೆ ಸೇರಿಕೊಂಡಿರುತ್ತದೆ. ನಮ್ಮ ಸಮುದ್ರದ ನೀರಿನಲ್ಲೂ ಆ ಗುರುತು ಇದೆ. ಸೂರ್ಯ ಹುಟ್ಟಿದ ಮೇಲೆ ಸುತ್ತಲೂ ತಟ್ಟೆಯಂತೆ ಹರಡಿದ ಅನಿಲ, ದೂಳಿನಲ್ಲಿ ಅಷ್ಟು ಭಾರದ ನೀರು ತಯಾರಾಗಲು ಆಗುವುದಿಲ್ಲ ಎಂದು 2014ರಲ್ಲಿ ಒಂದು ತಂಡ ಲೆಕ್ಕ ಹಾಕಿತು. ಹಾಗಾದರೆ ಭೂಮಿಯ ನೀರಿನ ಒಂದು ಒಳ್ಳೆಯ ಪಾಲು, ಬಹುಶಃ ಅರ್ಧದವರೆಗೂ, ಸೂರ್ಯನಿಗಿಂತ ಮೊದಲಿನದು. ಕಪ್ಪು ಮೋಡದೊಳಗೆ ದೂಳಿನ ಮೇಲೆ ಕಟ್ಟಿದ ಮಂಜು.

ಹೋದ ವರ್ಷ ಏಪ್ರಿಲ್‌ನಲ್ಲಿ ಮತ್ತೆ ಅದೇ ಹೊಲಕ್ಕೆ ಹೋದೆ. ಅದೇ ಹೊತ್ತು, ಅದೇ ಬದು. ಮಾವನಿಗೆ ವಯಸ್ಸಾಗಿದೆ, ಗುದ್ದಲಿ ನಾನು ಹಿಡಿದಿದ್ದೆ. ನೀರು ತಿರುಗಿಸಿ ಬಂದು ಕೂತೆ.

"ಮಾವ, ಆವತ್ತು ನೀವು ಮೋಡ ಅಂದ್ರಲ್ಲ, ಅದು ಮೋಡಾನೇ. ನಾನು ಹೇಳಿದ್ದು ತಪ್ಪು," ಅಂದೆ.

"ಯಾವತ್ತು?" ಅಂದರು. ಅವರಿಗೆ ನೆನಪಿರಲಿಲ್ಲ. ನಾನು ಕೈ ತೋರಿಸಿದೆ. ಬಹಳ ಹೊತ್ತು ನೋಡಿದರು.

"ಹಂಗಾದ್ರೆ ಅದ್ರಾಗೆ ಮಳೆ ಐತಾ?"

"ನೀರು ಇದೆ ಮಾವ. ಮಂಜಾಗಿ ಕಟ್ಟಿದೆ. ಈ ಪೈಪಲ್ಲಿ ಬರ್ತಿರೋ ನೀರಲ್ಲೂ ಸ್ವಲ್ಪ ಅಂಥ ಕಡೆಯಿಂದಲೇ ಬಂದಿದ್ದು."

ಮಾವ ಎದ್ದು ಹೋಗಿ ಪೈಪಿನ ಕೆಳಗೆ ಕೈ ಹಿಡಿದರು. ಬೋರಿನ ನೀರು ಬೆಳಗಿನ ಜಾವ ಬೆಚ್ಚಗಿರುತ್ತದೆ. ಮುಖ ತೊಳೆದುಕೊಂಡು, ಟವೆಲಿನಿಂದ ಒರೆಸಿಕೊಳ್ಳುತ್ತಾ ಬಂದು ಮತ್ತೆ ಕೂತರು. ಅಷ್ಟರಲ್ಲಿ ಕರೆಂಟ್ ಹೋಯಿತು. ಮೋಟರ್ ನಿಂತಿತು. ಕಾಲುವೆಯಲ್ಲಿದ್ದ ನೀರು ಇನ್ನೂ ಸ್ವಲ್ಪ ಹೊತ್ತು ಹರಿಯುತ್ತಿತ್ತು. ಮಾವ ಬ್ಯಾಟರಿ ಹಚ್ಚಲಿಲ್ಲ.

"ಅದ್ರ ಹಿಂದೆ ಎಷ್ಟು ಚುಕ್ಕಿ ಇರ್ತಾವೆ?" ಅಂತ ಕೇಳಿದರು.

"ಒಂದು ಸಣ್ಣ ತುಣುಕಿನ ಹಿಂದೆ ಎಣಿಸಿದಾರೆ ಮಾವ. ಅಷ್ಟರಲ್ಲೇ 3,700."